ಇರುಳಿನ ದನಿ

ಫಾಲ್ಗುಣದ ಒಂದು ಇರುಳು. ಸಿಂಧನೂರಿನ ಆರ್.ಎಚ್. ಕ್ಯಾಂಪಿನ ಹಿರಿಯರೊಬ್ಬರ ಅಂಗಳದಲ್ಲಿ ಕುಳಿತಿದ್ದೆ. ಕಾಲುವೆ ನೀರಿನ ಗದ್ದೆಗಳ ಮೇಲೆ, ಎತ್ತರದ ಕತ್ತಲಲ್ಲಿ, 'ಆಂಗ್, ಆಂಗ್' ಎಂಬ ದನಿಯೊಂದು ಹಾದುಹೋಯಿತು. ಪಟ್ಟೆತಲೆಯ ಹೆಬ್ಬಾತುಗಳಿರಬೇಕು. ಚಳಿಗಾಲಕ್ಕೆ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಬರುವ ಈ ಹಕ್ಕಿಗಳು ವಸಂತದಲ್ಲಿ ಹಿಮಾಲಯ ದಾಟಿ ಟಿಬೆಟ್, ಮಂಗೋಲಿಯಗಳತ್ತ ಮರಳುತ್ತವೆ. ಪರ್ವತವನ್ನು ಹೆಚ್ಚಾಗಿ ಇರುಳಿನಲ್ಲೇ ದಾಟುತ್ತವೆ. ತಣ್ಣನೆಯ ಗಾಳಿ ಸಾಂದ್ರವಾಗಿದ್ದು ರೆಕ್ಕೆಗೆ ಆಸರೆಯಾಗುತ್ತದೆ.

"ಮನೆಗೆ ಹೊರಟವು" ಎಂದರು ಹಿರಿಯರು. ಪೂರ್ವ ಪಾಕಿಸ್ತಾನದಿಂದ ಎಳೆಯ ವಯಸ್ಸಿನಲ್ಲಿ ಬಂದ ಬಂಗಾಳಿ ಅವರು. ಮರಳಲು ಅವರಿಗೆ ಊರಿಲ್ಲ.

ಹಕ್ಕಿಯನ್ನು ಹೊರಡಿಸುವುದು ಋತು. ಮನುಷ್ಯನನ್ನು ಹೊರಡಿಸಿದ್ದು ಭಯ. ಎರಡಕ್ಕೂ ನಾವು 'ವಲಸೆ' ಎಂಬ ಒಂದೇ ಮಾತು ಬಳಸುತ್ತೇವೆ. ನಾಲ್ಕು ತಿಂಗಳಿದ್ದು ಹೋಗುವ ಹಕ್ಕಿ ನಮಗೆ ಅತಿಥಿ. ಇಲ್ಲಿಯೇ ಭತ್ತ ಬೆಳೆದು, ಇಲ್ಲಿಯೇ ತಂದೆಯ ಚಿತೆಗೆ ಬೆಂಕಿಯಿಟ್ಟವರು ಮಾತ್ರ ಅರ್ಧ ಶತಮಾನವಾದರೂ 'ಕ್ಯಾಂಪಿನವರು'! ಆರ್.ಎಚ್. ಎಂದರೆ ಪುನರ್ವಸತಿ. ವಸತಿಯೇನೋ ಆಯಿತು; ಗುಡಾರದ ಹೆಸರು ಕಳಚಲಿಲ್ಲ.

ಅನ್ಯರನ್ನು ದೂರಿ ಪ್ರಯೋಜನವೇನು? ಮೊದಲ ಭೇಟಿಯಲ್ಲಿ ಅವರ ಕನ್ನಡದ ರಾಗ ಕೇಳಿ, "ತಾವು ಎಲ್ಲಿಯವರು?" ಎಂದು ನಾನೂ ಕೇಳಿದ್ದೆ. "ಇದೇ ಊರಿನವನು" ಎಂದಿದ್ದರು. ಆ ಉತ್ತರ ನನಗೆ ಸಾಲದೆ, "ಅದಲ್ಲ, ಮೂಲ?" ಎಂದು ಮತ್ತೆ ಕೇಳಿದೆ.

ಇರುಳಿನ ಆ ದನಿಗೆ ಮಾತ್ರ ಮೂಲ ಕೇಳದೆ ಕಿವಿಗೊಟ್ಟಿದ್ದೆ. ಕಾಣದ ಹಕ್ಕಿಗೆ ಸಲ್ಲಿಸಿದ ಆ ಮರ್ಯಾದೆಯನ್ನು ಎದುರಿಗೆ ಕುಳಿತವರಿಗೆ ಸಲ್ಲಿಸುವುದು ಏಕಷ್ಟು ಕಷ್ಟ?