ಆರೈಕೆ ಮಾಡುವವರ ದಣಿವು ಪಾಪವೇ?



ಯಲಬುರ್ಗಾ ಸೀಮೆಯ ಒಬ್ಬ ತಾಯಿ ಒಂದು ಸಂಜೆ ಗುರುನಿವಾಸದ ಬಾಗಿಲಿಗೆ ಬಂದು ನಿಂತರು. ಪಾಪನಿವೇದನೆಗೆ ಬಂದವರಲ್ಲ; ಹಾಗೆ ಬಂದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಈಗಲೂ ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವರ ಅತ್ತೆ ಲಕ್ವಾ ಹೊಡೆದು ಹಾಸಿಗೆ ಹಿಡಿದು ಆಗ ನಾಲ್ಕನೆಯ ವರ್ಷ. ಗಂಡ ಗುಳೆ ಹೋದವರು, ಹಬ್ಬಕ್ಕೆ ಬಂದು ಹೋಗುತ್ತಾರೆ. ನಾದಿನಿಯರು ಫೋನಿನಲ್ಲಿ ವಿಚಾರಿಸುತ್ತಾರೆ. ಮಗ್ಗುಲು ಬದಲಿಸುವುದು, ಬಟ್ಟೆ ಒಗೆಯುವುದು, ಗಂಜಿ ಕುಡಿಸುವುದು, ರಾತ್ರಿ ಮೂರು ಸಲ ಏಳುವುದು, ಎಲ್ಲವೂ ಇವರೊಬ್ಬರದೇ. ಅಷ್ಟು ಹೇಳಿ ಸುಮ್ಮನಾದರು. ಆಮೇಲೆ ನೆಲ ನೋಡುತ್ತಾ, "ಅತ್ತೀನ್ನ ದೇವರು ಲಗೂನ ಕರಕೊಂಡ್ರ ಚಲೋ ಅಂತ ಮನಸ್ಸಿನ್ಯಾಗ ಬರ್ತೈತ್ರಿ ಫಾದರ್. ಇದು ಪಾಪ ಅಲ್ಲೇನ್ರಿ?" ಎಂದರು.

ಗುರುಮಠದಲ್ಲಿ ತತ್ವಶಾಸ್ತ್ರವನ್ನೂ ದೇವಶಾಸ್ತ್ರವನ್ನೂ ಓದಿ ಬಂದ ನಾನು ಕೊಟ್ಟ ಉತ್ತರ ಹೀಗಿತ್ತು: "ಅದು ನಿಮ್ಮ ಶಿಲುಬೆ, ತಾಯಿ. ಪ್ರಭುವಿಗೆ ಒಪ್ಪಿಸಿರಿ. ಜಪಮಾಲೆ ಬಿಡಬೇಡಿರಿ." ಅವರು "ಆತ್ರೀ ಫಾದರ್" ಎಂದು ಹೊರಟುಹೋದರು. ನನ್ನ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಬಾಯಾರಿ ಬಂದವರಿಗೆ ನೀರಿನ ಗುಣಗಾನ ಮಾಡಿ ಕಳಿಸಿದ ಹಾಗಾಗಿತ್ತು.

ಕೆಲವು ತಿಂಗಳ ಮೇಲೆ ಅವರೇ ಹೇಳಿದರು. ಒಂದು ರಾತ್ರಿ ತಾಳಲಾರದೆ ಹಿತ್ತಲಿಗೆ ಹೋಗಿ, ಎಲ್ಲೋ ಗೋಡೆಯ ಮೇಲೆ ಬರೆದದ್ದನ್ನು ಕಂಡಿದ್ದ 14416 ಎಂಬ ಸಂಖ್ಯೆಗೆ ಫೋನು ಮಾಡಿದರಂತೆ. ಆ ಕಡೆಯ ಹೆಣ್ಣುಮಗಳು ಕನ್ನಡದಲ್ಲಿ ಮೊದಲು ಕೇಳಿದ್ದು, ನಿಮಗೆ ಊಟ ಆಯಿತೇ, ನಿನ್ನೆ ಎಷ್ಟು ತಾಸು ಮಲಗಿದಿರಿ ಎಂದು. "ನಾಕು ವರ್ಷದಾಗ ಇದನ್ನ ಯಾರೂ ಕೇಳಿದ್ದಿಲ್ರಿ" ಎಂದರು. ನಾನೂ ಕೇಳಿರಲಿಲ್ಲ.

ಅದು 'ಟೆಲಿ ಮಾನಸ್' ಎಂಬ ಸರಕಾರಿ ಸೇವೆ. 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಮಾಡಬಹುದು, ಹಣ ಕೊಡಬೇಕಾಗಿಲ್ಲ. ಇದಲ್ಲದೆ ಫೋನಿನಲ್ಲಿಯೇ ಕುಟುಂಬದವರೊಡನೆ ಮಾತಾಡಿ ಸಲಹೆ ಕೊಡುವ ಖಾಸಗಿ ಆಪ್ತಸಮಾಲೋಚಕರೂ ಈಗ ಬಹಳ ಮಂದಿ ಇದ್ದಾರೆ. ಅವರಲ್ಲಿಗೆ ಹೋಗುವವರು ಏನು ಓದಿದ್ದಾರೆ, ಎಲ್ಲಿ ತರಬೇತಿ ಪಡೆದಿದ್ದಾರೆ ಎಂದು ಸಂಕೋಚವಿಲ್ಲದೆ ಕೇಳಲಿ. ಬೋರ್ಡು ಹಾಕಿದವರೆಲ್ಲ ಬಲ್ಲವರಲ್ಲ.

ನಮ್ಮ ಭಾಗಕ್ಕೆ ಇದು ತೀರ ಹೊಸತೂ ಅಲ್ಲ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಮನಸ್ಸಿನ ಕಾಯಿಲೆಗಳಿಗೆ ಚಿಕಿತ್ಸೆ ಕೊಡಿಸುವ ಪ್ರಯೋಗವನ್ನು ನಿಮ್ಹಾನ್ಸ್‌ನವರು 1985ರಲ್ಲಿ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲೇ ಆರಂಭಿಸಿದರು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ಅದಕ್ಕೂ ಮೊದಲು, 1950ರ ದಶಕದಲ್ಲಿ, ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಎಂಬವರು ಅಂಗಳದಲ್ಲಿ ಡೇರೆ ಹಾಕಿಸಿ, ರೋಗಿಗಳ ಜೊತೆ ಮನೆಯವರನ್ನೂ ಇರಿಸಿಕೊಂಡರು. ಮನೆಯವರಿಲ್ಲದೆ ರೋಗಿ ಗುಣವಾಗನು ಎಂಬುದನ್ನು ನಮ್ಮ ವೈದ್ಯರು ಬೇಗ ಕಂಡುಕೊಂಡರು. ಆ ಮನೆಯವರಿಗೇ ಸುಸ್ತಾದರೆ ಯಾರು ನೋಡಬೇಕು ಎಂಬ ಪ್ರಶ್ನೆಗೆ ನಾವು ಬಹಳ ತಡವಾಗಿ ಬಂದೆವು.

ಇನ್ನು ಆ ತಾಯಿಯ ಪ್ರಶ್ನೆ. ಮನಸ್ಸಿಗೆ ಬಂದ ಯೋಚನೆ ಬೇರೆ, ಮನಸ್ಸು ಒಪ್ಪಿಕೊಂಡ ಇಚ್ಛೆ ಬೇರೆ. ಸಮ್ಮತಿಯಿಲ್ಲದೆ ಘೋರ ಪಾಪವಿಲ್ಲವೆಂದು ಧರ್ಮೋಪದೇಶದ ಮಕ್ಕಳೂ ಬಲ್ಲರು. ಅತ್ತೆ ಸಾಯಲಿ ಎಂದು ನಿಜವಾಗಿ ಬಯಸುವವಳು ರಾತ್ರಿ ಮೂರು ಸಲ ಎದ್ದು ಮಗ್ಗುಲು ಬದಲಿಸುವುದಿಲ್ಲ. ಆಕೆ ಬಯಸಿದ್ದು ಅತ್ತೆಯ ಸಾವನ್ನಲ್ಲ, ಒಂದು ರಾತ್ರಿಯ ನಿದ್ದೆಯನ್ನು. ಆದರೆ ಬೇರೆ ಯಾವ ದಾರಿಯಲ್ಲೂ ನಿದ್ದೆ ಸಿಗುವಂತಿರಲಿಲ್ಲ; ಹಾಗಾಗಿ ಎರಡೂ ಒಂದೇ ಎಂದು ಆಕೆಗೆ ತೋರಿತು. ಬೇರೆ ದಾರಿಯಿಲ್ಲದಂತೆ ಮಾಡಿದವರಲ್ಲಿ ಧರ್ಮಕೇಂದ್ರದ ನಾವೆಲ್ಲರೂ ಇದ್ದೇವೆ.

ಹದಿಮೂರನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ತಮ್ಮ ದೊಡ್ಡ ದೇವಶಾಸ್ತ್ರ ಗ್ರಂಥದಲ್ಲಿ ದುಃಖಕ್ಕೆ ಏನು ಮದ್ದು ಎಂದು ಚರ್ಚಿಸುತ್ತಾರೆ. ಸತ್ಯದ ಧ್ಯಾನ ಅದರಲ್ಲಿದೆ, ನಿಜ. ಅದರೊಂದಿಗೆ ಅಳು, ಸ್ನೇಹಿತರ ಮರುಕ, ಕೊನೆಗೆ ನಿದ್ದೆ ಮತ್ತು ಸ್ನಾನವೂ ಇವೆ! ಪರೀಕ್ಷೆಗೆ ಇದನ್ನು ಓದುವಾಗ ನಾವು ನಕ್ಕಿದ್ದೆವು. ನಾಲ್ಕು ವರ್ಷ ನಿಶ್ಚಿಂತೆಯಿಂದ ತಲೆಯ ಮೇಲೆ ನೀರು ಹಾಕಿಕೊಳ್ಳದ ಹೆಂಗಸು ಎದುರಿಗೆ ಬಂದು ನಿಂತ ಮೇಲೆ ನಗು ಬರುವುದಿಲ್ಲ.

ಸ್ನೇಹಿತರ ಮರುಕ ಏಕೆ ಹಗುರ ಮಾಡುತ್ತದೆ ಎಂಬುದಕ್ಕೆ ಸಂತರು ಎರಡು ಕಾರಣ ಕೊಡುತ್ತಾರೆ. ಹೊರೆಗೆ ಇನ್ನೊಬ್ಬರು ಹೆಗಲು ಕೊಟ್ಟಂತೆ ತೋರುತ್ತದೆ, ಇದು ಒಂದು. ತನ್ನನ್ನು ಪ್ರೀತಿಸುವವರಿದ್ದಾರೆಂದು ತಿಳಿಯುತ್ತದೆ, ಇದು ಹೆಚ್ಚಿನ ಕಾರಣ. ಫೋನಿನ ಆ ಕಡೆಯ ಹೆಣ್ಣುಮಗಳು ಮೊದಲನೆಯದನ್ನು ಕೊಟ್ಟಳು, ಅದು ಸಣ್ಣದಲ್ಲ. ಮನೆಯ ಮಾತನ್ನು ಪರಕೀಯರಿಗೆ ಹೇಳುವುದೇ ಎಂದು ಗೊಣಗುವವರುಂಟು. ಮನೆಯಲ್ಲಿ ಕೇಳುವವರೇ ಇಲ್ಲದಿದ್ದರೆ ಯಾರಿಗೆ ಹೇಳಬೇಕು? ಓಣಿಯಲ್ಲಿ ಹೇಳಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಹೇಳಿದ ಗುಟ್ಟನ್ನು ಕಾಯುವುದು ಸಮಾಲೋಚಕರ ಕರ್ತವ್ಯ. (ನೆಟ್‌ವರ್ಕ್ ಸಿಗಲೆಂದು ಮಾಳಿಗೆ ಹತ್ತಿ ಕೂಗಿ ಮಾತಾಡುವ ನಮ್ಮ ಊರುಗಳಲ್ಲಿ ಗುಟ್ಟು ಎಷ್ಟು ಉಳಿದೀತು ಎಂಬುದು ಬೇರೆ ಮಾತು.)

ಎರಡನೆಯದನ್ನು ಬೆಂಗಳೂರಿನಿಂದ ಕಳಿಸಲಾಗದು. ಫೋನು ಮಗ್ಗುಲು ಬದಲಿಸುವುದಿಲ್ಲ. ಅಮಾಲೇಕ್ಯರೊಡನೆ ಯುದ್ಧವಾದಾಗ ಮೋಶೆಯ ಕೈಗಳು ಸೋತವು. ಆರೋನನೂ ಹೂರನೂ ಆತನಿಗೆ ಬೋಧನೆ ಮಾಡಲಿಲ್ಲ. ಮೊದಲು ಕುಳಿತುಕೊಳ್ಳಲು ಒಂದು ಕಲ್ಲು ತಂದಿಟ್ಟರು. ಆಮೇಲೆ ಆಚೆಗೊಬ್ಬ ಈಚೆಗೊಬ್ಬ ನಿಂತು ಹೊತ್ತು ಮುಳುಗುವ ತನಕ ಕೈಗಳನ್ನು ಹಿಡಿದರು.

ಈಗ ಪ್ರತಿ ಬುಧವಾರ ಮಧ್ಯಾಹ್ನ ನಮ್ಮ ಧರ್ಮಕೇಂದ್ರದ ಇಬ್ಬರು ತಾಯಂದಿರು ಸರದಿಯ ಮೇಲೆ ಆ ಮನೆಗೆ ಹೋಗಿ ಮೂರು ತಾಸು ಇರುತ್ತಾರೆ. ಕಳೆದ ವಾರ ನಾನು ಪರಮಪ್ರಸಾದ ಕೊಡಲು ಹೋದಾಗ ಅಜ್ಜಿ ತೊದಲುತ್ತಾ ದೂರು ಹೇಳಿದರು: "ಇವರ ಕೈ ಬಿರುಸ ಅದಾವ್ರಿ ಫಾದರ್. ನನ್ನ ಸೊಸಿ ಕೈ ಇದ್ದಂಗ ಇಲ್ಲ." ಸೊಸೆ ಒಳಗಿನ ಕೋಣೆಯಲ್ಲಿ ನಿದ್ದೆ ಹೋಗಿದ್ದರು. ಎಬ್ಬಿಸಬೇಡಿರೆಂದು ಹೇಳಿ ಬಂದೆ.