ಪದವೀಧರರ ಸಾಧನೆಯಲ್ಲಿ ವಿಶ್ವವಿದ್ಯಾಲಯದ ಪಾಲೆಷ್ಟು?

ಮೈಸೂರು ವಿಶ್ವವಿದ್ಯಾಲಯ ಶುರುವಾದದ್ದು 1916ರಲ್ಲಿ. ಅಲ್ಲಿ ಓದಿ ಹೊರಬಂದವರ ಹೆಸರುಗಳನ್ನು ಹೇಳುತ್ತ ಹೋದರೆ ಯಾವ ಕನ್ನಡಿಗರ ಮನಸ್ಸೂ ತುಂಬಿ ಬರುತ್ತದೆ. ಕುವೆಂಪು, ಆರ್.ಕೆ. ನಾರಾಯಣ್, ಎ.ಕೆ. ರಾಮಾನುಜನ್, ಯು.ಆರ್. ಅನಂತಮೂರ್ತಿ, ಸಿ.ಎನ್.ಆರ್. ರಾವ್, ಎನ್.ಆರ್. ನಾರಾಯಣಮೂರ್ತಿ. ಘಟಿಕೋತ್ಸವದ ಭಾಷಣಗಳಲ್ಲಿ, ಹಳೆಯ ವಿದ್ಯಾರ್ಥಿಗಳ ಸಂಘದ ಸಮಾರಂಭಗಳಲ್ಲಿ, ನ್ಯಾಕ್ ಮೌಲ್ಯಮಾಪನಕ್ಕೆಂದು ಸಿದ್ಧವಾಗುವ ವರದಿಗಳಲ್ಲಿ ಇಂಥ ಪಟ್ಟಿಗಳು ತಪ್ಪದೆ ಕಾಣಿಸಿಕೊಳ್ಳುತ್ತವೆ. ಧಾರವಾಡಕ್ಕೂ ಬೆಂಗಳೂರಿಗೂ ಅವರವರದೇ ಪಟ್ಟಿಗಳಿವೆ. ಈ ಹೆಮ್ಮೆ ನನ್ನದೂ ಹೌದು. ಆದರೆ ಅದರೊಳಗೆ ಒಂದು ವಾದ ಕೂತಿದೆ: ‘ಇವರು ಹೀಗಾದದ್ದು ನಮ್ಮಲ್ಲಿ ಓದಿದ್ದರಿಂದ.’ ಆ ವಾದ ಎಷ್ಟು ನಿಜ?

ಪೂರ್ತಿ ಸುಳ್ಳು ಎನ್ನಲಾಗದು. ಕುವೆಂಪು ತಮ್ಮ ‘ಶ್ರೀರಾಮಾಯಣ ದರ್ಶನಂ’ ಕಾವ್ಯವನ್ನು ಅರ್ಪಿಸಿದ್ದು ಗುರುಗಳಾದ ಟಿ.ಎಸ್. ವೆಂಕಣ್ಣಯ್ಯನವರಿಗೆ. ಮಹಾರಾಜ ಕಾಲೇಜಿನ ಅಂಥ ಮೇಷ್ಟರುಗಳಿಲ್ಲದೆ ಹೊಸಗನ್ನಡದ ಸಾಹಿತ್ಯ ಹೀಗೆ ಬೆಳೆಯುತ್ತಿರಲಿಲ್ಲ. ಆದರೆ ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ಅದೇ ಹುಡುಗನನ್ನು ಕನ್ನಡಕ್ಕೆ ತಿರುಗಿಸಿದ ಮಾತು ಬಂದದ್ದು ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಂದ, ಯಾವ ಪಠ್ಯಕ್ರಮದಿಂದಲೂ ಅಲ್ಲ. ಇನ್ನು ಸಾಹಿತಿ ಡಿ.ವಿ. ಗುಂಡಪ್ಪನವರು (ಡಿವಿಜಿ) ಮೆಟ್ರಿಕ್ಯುಲೇಷನ್ ಸಹ ಪಾಸಾಗಿರಲಿಲ್ಲ. ಶಿವರಾಮ ಕಾರಂತರು ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟವರು. ಪದವಿಯಿಲ್ಲದೆ ಅವರು ಏನನ್ನೂ ಕಳೆದುಕೊಳ್ಳಲಿಲ್ಲ ಎನ್ನುವಾಗ, ಪದವಿ ಪಡೆದ ಇನ್ನೊಬ್ಬ ಪ್ರತಿಭಾವಂತರ ಸಾಧನೆಯಲ್ಲಿ ಪದವಿಯ ಪಾಲೆಷ್ಟು ಎಂಬ ಪ್ರಶ್ನೆ ಏಳಲೇಬೇಕು.

ಈ ಪ್ರಶ್ನೆಯನ್ನು ಲೆಕ್ಕಕ್ಕೆ ಇಳಿಸಿ ನೋಡಿದವರಿದ್ದಾರೆ. ಅಮೆರಿಕದ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೆಸರಾಂತ ಕಾಲೇಜುಗಳಲ್ಲಿ ಓದಿದವರು ಮುಂದೆ ಹೆಚ್ಚು ಸಂಪಾದಿಸುತ್ತಾರೆ ಎನ್ನುವುದು ಎಲ್ಲರಿಗೂ ಗೊತ್ತಿದ್ದ ಮಾತು. ಅದು ಕಾಲೇಜಿನ ಗುಣವೋ, ಒಳಗೆ ಬಂದ ಹುಡುಗರ ಗುಣವೋ ಎಂದು ಅವರು ಕೇಳಿಕೊಂಡರು. ಒಂದೇ ಮಟ್ಟದ ಕಾಲೇಜುಗಳಿಗೆ ಅರ್ಜಿ ಹಾಕಿ, ಒಂದೇ ರೀತಿ ಸೀಟು ಸಿಕ್ಕಿ, ಕೆಲವರು ಹೆಸರುವಾಸಿ ಕಾಲೇಜಿಗೂ ಕೆಲವರು ಸಾಧಾರಣ ಕಾಲೇಜಿಗೂ ಹೋದವರನ್ನು ಹೋಲಿಸಿದರು. ಸುಮಾರು ಇಪ್ಪತ್ತು ವರ್ಷಗಳ ಮೇಲೆ ಅವರ ಸಂಪಾದನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮುಂದೆ ಬರುವ ಹುಡುಗ ಎಲ್ಲಿ ಓದಿದರೂ ಮುಂದೆ ಬರುತ್ತಿದ್ದ. ಆದರೆ ಒಂದು ಗುಂಪಿಗೆ ಮಾತ್ರ ಒಳ್ಳೆಯ ಕಾಲೇಜಿನಿಂದ ನಿಜವಾದ ಲಾಭವಾಗಿತ್ತು: ಬಡ ಮನೆಗಳಿಂದ ಬಂದವರಿಗೆ. ಅವರದೇ ಮುಂದಿನ ಅಧ್ಯಯನದಲ್ಲಿ ಕಪ್ಪು ಮತ್ತು ಹಿಸ್ಪಾನಿಕ್ ವಿದ್ಯಾರ್ಥಿಗಳು, ಹೆಚ್ಚು ಓದಿರದ ತಂದೆತಾಯಿಯ ಮಕ್ಕಳು ಈ ಗುಂಪಿನಲ್ಲಿ ಕಂಡರು.

ಅಮೆರಿಕದ ಲೆಕ್ಕವನ್ನು ಹಾಗೆಹಾಗೇ ಕರ್ನಾಟಕಕ್ಕೆ ಹಚ್ಚಲಾಗದು. ಅದು ತೋರುವ ದಿಕ್ಕು ಮಾತ್ರ ನಮ್ಮ ಅನುಭವಕ್ಕೆ ಹೊಂದುತ್ತದೆ. ಮನೆಯಲ್ಲಿ ಪುಸ್ತಕವಿದ್ದು, ಅಪ್ಪನಿಗೆ ನಾಲ್ಕು ಜನ ಗೊತ್ತಿದ್ದು, ಇಂಗ್ಲಿಷು ಊಟದ ಮನೆಯಲ್ಲೇ ಕಿವಿಗೆ ಬಿದ್ದ ಹುಡುಗನಿಗೆ ವಿಶ್ವವಿದ್ಯಾಲಯ ಕೊಡುವುದು ಬಹಳವೆಂದರೆ ಒಂದು ಮೆಟ್ಟಿಲು. ಉಳಿದ ಮೆಟ್ಟಿಲುಗಳನ್ನು ಅವನ ಮನೆ ಆಗಲೇ ಕಟ್ಟಿಟ್ಟಿರುತ್ತದೆ. ಹಾಗಾಗಿ ನಮ್ಮ ಸಂಸ್ಥೆಗಳು ವಿಚಿತ್ರ ಸ್ಥಿತಿಯಲ್ಲಿವೆ. ಯಾರಿಗೆ ಕಡಿಮೆ ಕೊಟ್ಟಿವೆಯೋ ಅವರ ಹೆಸರು ಹೇಳಿ ಹೆಮ್ಮೆಪಡುತ್ತವೆ. ಯಾರ ಬದುಕನ್ನು ಬುಡಸಮೇತ ಬದಲಿಸಿವೆಯೋ ಅವರ ಹೆಸರು ಹಾಜರಿ ಪುಸ್ತಕದಾಚೆ ಅವಕ್ಕೆ ನೆನಪಿಲ್ಲ.

ಆ ಎರಡನೆಯವರು ಯಾರು? ಕೊಪ್ಪಳದ ಕಡೆಯ ಒಂದು ಹಳ್ಳಿಯಿಂದ ಬಸ್ ಪಾಸಿನಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಬಂದವರು. ಹಿಂದುಳಿದ ವರ್ಗಗಳ ಬಿಸಿಎಂ ಹಾಸ್ಟೆಲಿನಲ್ಲಿ ಉಂಡು, ಸ್ಕಾಲರ್‌ಶಿಪ್ ಯಾವಾಗ ಬರುತ್ತದೋ ಎಂದು ಕಾದು ಓದಿದವರು. ತಮ್ಮ ಓದಿಗಾಗಿ ಅಕ್ಕ ಏಳನೇ ಇಯತ್ತೆಗೇ ಶಾಲೆ ಬಿಟ್ಟಳು ಎಂಬುದನ್ನು ಮರೆಯಲಾಗದವರು. ಇವರಲ್ಲಿ ಒಬ್ಬರು ಗ್ರಾಮ ಆಡಳಿತಾಧಿಕಾರಿಯೋ ಪ್ರಾಥಮಿಕ ಶಾಲೆಯ ಶಿಕ್ಷಕಿಯೋ ಆದರೆಂದರೆ ಒಂದು ಮನೆಯ ಇತಿಹಾಸ ಮಗ್ಗುಲು ಬದಲಿಸುತ್ತದೆ. ಅಪ್ಪ ಹೆಬ್ಬೆಟ್ಟು ಒತ್ತುತ್ತಿದ್ದ ಕಾಗದವನ್ನು ಮಗಳು ಓದಿ, ಪ್ರಶ್ನೆ ಕೇಳಿ, ಆಮೇಲೆ ಸಹಿ ಹಾಕುತ್ತಾಳೆ. ಪಹಣಿಯಲ್ಲಿ ಹೆಸರು ತಪ್ಪಾಗಿದ್ದರೆ ಯಾರ ಮುಂದೆಯೂ ಕೈಕಟ್ಟಿ ನಿಲ್ಲದೆ ಅರ್ಜಿ ಕೊಡುತ್ತಾಳೆ. ತಂಗಿಯ ನರ್ಸಿಂಗ್ ಕೋರ್ಸಿನ ಫೀಸು ಕಟ್ಟುತ್ತಾಳೆ. ಇದನ್ನು ವೃತ್ತಿಯ ಸಾಧನೆ ಎನ್ನಬೇಕೋ ವೈಯಕ್ತಿಕ ಸಾಧನೆ ಎನ್ನಬೇಕೋ? ಸಂಸ್ಥೆಗಳ ವರದಿಯ ಎರಡೂ ಅಂಕಣಗಳಲ್ಲಿ ಇದಕ್ಕೆ ಜಾಗವಿಲ್ಲ.

ಜಾಗವಿರುವುದು ಬೇರೆಯದಕ್ಕೆ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕ ಪಟ್ಟಿ 2016ರಿಂದ ಬರುತ್ತಿದೆ. ಎಂಜಿನಿಯರಿಂಗ್ ವಿಭಾಗದಲ್ಲಿ ಪದವೀಧರರಿಗೆ ಸಿಕ್ಕ ಸಂಬಳದ ಮಧ್ಯಾಂಕಕ್ಕೆ ಅದು ಪ್ರತ್ಯೇಕ ಅಂಕ ಕೊಡುತ್ತದೆ. ನ್ಯಾಕ್ ಸಹ ಎಷ್ಟು ಜನಕ್ಕೆ ಪ್ಲೇಸ್‌ಮೆಂಟ್ ಆಯಿತು, ಎಷ್ಟು ಜನ ಮೇಲಿನ ಓದಿಗೆ ಹೋದರು ಎಂದು ಕೇಳುತ್ತದೆ. ಇವೆಲ್ಲ ಬೇಡದ ಪ್ರಶ್ನೆಗಳೆಂದು ನಾನು ಹೇಳಲಾರೆ. ಸಾಲ ಮಾಡಿ ಮಗನನ್ನು ಓದಿಸಿದ ತಾಯಿಗೆ ಸಂಬಳದ ಅಂಕಿ ತಿಳಿಯುವ ಹಕ್ಕಿದೆ; ಹಣ ಮುಖ್ಯವಲ್ಲ ಎಂದು ಅವಳಿಗೆ ಉಪದೇಶ ಮಾಡುವುದು ಕ್ರೌರ್ಯ. ತೊಂದರೆ ಇರುವುದು ಆ ಅಂಕಿಯ ಹಿಂದೆ ಇನ್ನೊಂದು ಅಂಕಿ ಇಲ್ಲದಿರುವುದರಲ್ಲಿ. ಒಬ್ಬರಿಗೆ ತಿಂಗಳಿಗೆ ಮೂವತ್ತು ಸಾವಿರ ಬಂತು ಎಂದರೆ ಅವರು ಹೊರಟದ್ದು ಎಲ್ಲಿಂದ? ಹೊರಟ ಜಾಗ ಬರೆಯದೆ ತಲುಪಿದ ಜಾಗ ಮಾತ್ರ ಬರೆದರೆ ದಾರಿಯ ಉದ್ದ ಯಾರಿಗೂ ತಿಳಿಯುವುದಿಲ್ಲ.

ತಲುಪುವುದೂ ಈಗ ಪದವೀಧರರ ಕೈಯಲ್ಲಷ್ಟೇ ಇಲ್ಲ. ಧಾರವಾಡದ ಸಪ್ತಾಪುರದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ಬಾಡಿಗೆ ಕೋಣೆ ಹಿಡಿದು ಓದುತ್ತಿರುವವರನ್ನು ನೋಡಿ. ಊರಿನಲ್ಲಿ ‘ಕಾಂಪಿಟೇಟಿವ್‌ಗೆ ಓದ್ತಿದಾನೆ’ ಎಂಬುದೇ ಅವರ ಗುರುತು. ಬೆಳಗ್ಗೆ ಲೈಬ್ರರಿಯ ಸೀಟು ಹಿಡಿದವರು ರಾತ್ರಿಯವರೆಗೂ ಏಳುವುದಿಲ್ಲ. ಆದರೆ ಪಾಸಾದ ಮೇಲೂ ಖಾತ್ರಿಯಿಲ್ಲ: ಕರ್ನಾಟಕ ಲೋಕಸೇವಾ ಆಯೋಗದ (ಕೆಪಿಎಸ್‌ಸಿ) 2011ನೇ ಸಾಲಿನ 362 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಆಯ್ಕೆಪಟ್ಟಿಯನ್ನು ಅಕ್ರಮದ ಆರೋಪದ ಮೇಲೆ ಸರ್ಕಾರ 2014ರಲ್ಲಿ ಹಿಂದಕ್ಕೆ ಪಡೆಯಿತು. ನ್ಯಾಯಾಲಯಗಳ ದಾರಿ ಸುತ್ತಿ, 2022ರಲ್ಲಿ ಕಾನೂನು ಮಾಡಿ ಆ ಆಯ್ಕೆಯನ್ನು ಊರ್ಜಿತಗೊಳಿಸಲಾಯಿತು. ಅದರಲ್ಲಿ ಪ್ರಾಮಾಣಿಕವಾಗಿ ಬರೆದು ಪಾಸಾದವರಿಗೆ ಆ ವರ್ಷಗಳಲ್ಲಿ ತಾವು ಗೆದ್ದವರೋ ಸೋತವರೋ ಎಂದು ಹೇಳಿಕೊಳ್ಳಲೂ ಆಗುತ್ತಿರಲಿಲ್ಲ. ಪದವಿ ಕಾಲೇಜುಗಳ ಸಾವಿರಾರು ಅತಿಥಿ ಉಪನ್ಯಾಸಕರ ಪಾಡೂ ಹೀಗೇ. ಅವರಲ್ಲಿ ಘಟಿಕೋತ್ಸವದ ಮರುದಿನ ಪತ್ರಿಕೆಯಲ್ಲಿ ‘ಕೂಲಿ ಕಾರ್ಮಿಕನ ಮಗಳಿಗೆ ಚಿನ್ನದ ಪದಕ’ ಎಂದು ಫೋಟೊ ಬಂದವರೂ ಇರುತ್ತಾರೆ. ಪದಕದ ದಿನ ಬಂದ ವರದಿಗಾರರು ಐದು ವರ್ಷದ ಮೇಲೆ ಬಂದಿದ್ದರೆ, ವರ್ಷವಿಡೀ ಖಾತ್ರಿಯಿಲ್ಲದ ಸಂಬಳದ ಮೇಲೆ ಅದೇ ವಿಷಯವನ್ನು ಪಾಠ ಮಾಡುತ್ತಿರುವ ಅದೇ ಹೆಣ್ಣುಮಗಳು ಸಿಗುತ್ತಿದ್ದಳು. ರಾಜ್ಯದ ಯುವನಿಧಿ ಯೋಜನೆ ಪಾಸಾಗಿ 180 ದಿನಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ ಕೊಡುತ್ತದೆ. ಈ ನೆರವಿಗೆ ನನ್ನ ಬೆಂಬಲವಿದೆ. ಆದರೆ ಒಂದು ಬದುಕಿನ ಲೆಕ್ಕ ತೆಗೆಯಲು 180 ದಿನ ಬಹಳ ಚಿಕ್ಕ ಅಳತೆ.

ಸ್ವತಃ ವಿಶ್ವವಿದ್ಯಾಲಯಗಳಿಗೆ ಇನ್ನೊಂದು ಅಳತೆ ಗೊತ್ತಿಲ್ಲವೆಂದಲ್ಲ. ಪದವಿಯೇ ಇಲ್ಲದ ಡಿವಿಜಿಯವರಿಗೆ ಮೈಸೂರು ವಿಶ್ವವಿದ್ಯಾಲಯ 1961ರಲ್ಲಿ ಗೌರವ ಡಿ.ಲಿಟ್. ಕೊಟ್ಟಿತು. 1976ರಲ್ಲಿ ಅದೇ ವಿಶ್ವವಿದ್ಯಾಲಯ ಡಾ. ರಾಜ್‌ಕುಮಾರ್ ಅವರಿಗೆ ಡಾಕ್ಟರೇಟ್ ನೀಡಿತು. ಅವರ ಶಾಲೆಯ ಓದು ಬಾಲ್ಯದಲ್ಲೇ ನಿಂತಿತ್ತು. ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಸಾಲುಮರದ ತಿಮ್ಮಕ್ಕನವರನ್ನು ಗೌರವಿಸಿತು. ಇವರನ್ನೆಲ್ಲ ಆರಿಸುವಾಗ ಯಾರೂ ಅವರ ವಾರ್ಷಿಕ ಆದಾಯ ಕೇಳಲಿಲ್ಲ. ಇವರು ಏನನ್ನು ಕಟ್ಟಿದರು, ಇವರಿಂದ ಯಾರ ಬದುಕು ಹಸನಾಯಿತು ಎಂದು ಕೇಳಿದರು. ಗೌರವ ಡಾಕ್ಟರೇಟುಗಳಲ್ಲಿ ವಶೀಲಿಯಿಂದ ಬಂದವೂ ಇವೆ, ಒಪ್ಪುತ್ತೇನೆ. ಆದರೆ ಒಳ್ಳೆಯ ಆಯ್ಕೆ ನಡೆದ ದಿನ ವಿಶ್ವವಿದ್ಯಾಲಯ ತನ್ನ ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತದೆ. ಹೊರಗಿನವರಿಗೆ ಹಿಡಿಯುವ ಆ ಅಳತೆಯನ್ನು ತನ್ನದೇ ಮಕ್ಕಳಿಗೆ ಯಾಕೆ ಹಿಡಿಯುವುದಿಲ್ಲ?

ಇಲ್ಲಿ ಇನ್ನೊಂದು ಗಂಟು ಬಿಚ್ಚಬೇಕು. ಪೂರ್ಣಚಂದ್ರ ತೇಜಸ್ವಿ ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿ ಮೂಡಿಗೆರೆಗೆ ಹೋಗಿ ಕಾಫಿ ತೋಟ ಮಾಡಿದರು. ಇವತ್ತಿನ ಯಾವ ನಮೂನೆಯಲ್ಲಾದರೂ ಅವರ ಹೆಸರಿನ ಮುಂದೆ ‘ಕೃಷಿ’ ಎಂದು ಬರುತ್ತಿತ್ತು, ಪ್ಲೇಸ್‌ಮೆಂಟ್ ಸೊನ್ನೆ. ಅದೇ ಎಂ.ಎ. ಮಾಡಿ, ಹತ್ತು ಅರ್ಜಿ ಹಾಕಿ, ಏನೂ ಸಿಗದೆ ಊರಿಗೆ ಮರಳಿ ಅಪ್ಪನ ಎರಡೆಕರೆಯಲ್ಲಿ ಜೋಳ ಬಿತ್ತುತ್ತಿರುವವನ ಮುಂದೆಯೂ ‘ಕೃಷಿ’ ಎಂದೇ ಬರುತ್ತದೆ. ಕಾಗದದ ಮೇಲೆ ಇಬ್ಬರೂ ಒಂದೇ. ಅಮರ್ತ್ಯ ಸೇನ್ ಒಂದು ಕಡೆ ಈ ವ್ಯತ್ಯಾಸವನ್ನು ಹೀಗೆ ತೋರಿಸುತ್ತಾರೆ: ಉಪವಾಸ ಹಿಡಿದವನ ಹೊಟ್ಟೆಯೂ ಖಾಲಿ, ಉಣ್ಣಲು ಇಲ್ಲದವನ ಹೊಟ್ಟೆಯೂ ಖಾಲಿ, ಆದರೆ ಮೊದಲನೆಯವನು ಬೇಕೆಂದರೆ ಉಣ್ಣಬಲ್ಲ. ತೇಜಸ್ವಿಯವರ ಬದುಕನ್ನು ದೊಡ್ಡದು ಮಾಡಿದ್ದು ಬೇಡವೆನ್ನುವ ಆ ಶಕ್ತಿ. ಬೇಡವೆಂದಮೇಲೆ ಅವರು ಬರೆದ ಪುಸ್ತಕಗಳು, ತೆಗೆದ ಹಕ್ಕಿಗಳ ಚಿತ್ರಗಳು, ಕಂಪ್ಯೂಟರಿನಲ್ಲಿ ಕನ್ನಡ ಬಳಸಲು ಪಟ್ಟ ಪಾಡು ಎಲ್ಲ ಆ ಶಕ್ತಿಯಿಂದಲೇ ಬಂದವು. ಜೊತೆಗೆ ನಿಜವೊಂದನ್ನು ಸೇರಿಸಬೇಕು: ಅವರ ತಂದೆ ಕುವೆಂಪು ಅದೇ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ಬೇಡವೆನ್ನುವ ಧೈರ್ಯಕ್ಕೆ ಮನೆಯೂ ಒಂದು ಆಸರೆ.

ಚಿನ್ನದ ಪದಕಗಳಲ್ಲಿ ಬಹುಪಾಲನ್ನು ಹೆಣ್ಣುಮಕ್ಕಳೇ ಗೆಲ್ಲುತ್ತಿರುವ ಈ ಕಾಲದಲ್ಲಿ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ. ಮದುವೆಯ ಬಯೋಡೇಟಾದಲ್ಲಿ ಎಂ.ಎಸ್ಸಿ. ಎಂದು ಬರೆದು, ಮದುವೆಯಾದಮೇಲೆ ‘ಕೆಲಸಕ್ಕೆ ಯಾಕೆ ಹೋಗಬೇಕು’ ಎಂದು ಕೇಳುವ ಮನೆಗಳಿವೆ. ಹತ್ತು ವರ್ಷದ ಮೇಲೆ ಅವಳ ಹೆಸರಿನ ಮುಂದೆ ‘ಗೃಹಿಣಿ’ ಎಂದಿರುತ್ತದೆ. ಆ ಪದದಲ್ಲಿ ಅವಮಾನವಿಲ್ಲ. ಆದರೆ ಅದು ಅವಳು ಆರಿಸಿಕೊಂಡದ್ದೋ, ಅವಳಿಗಾಗಿ ಬೇರೆಯವರು ಆರಿಸಿದ್ದೋ ಎಂಬುದರಲ್ಲಿ ಒಂದು ಬದುಕಿನ ಇಡೀ ಲೆಕ್ಕವಿದೆ. ಬಂದ ಸಂಬಂಧವನ್ನು ಬೇಡವೆಂದು, ಬಿ.ಎಡ್. ಮುಗಿಯುವವರೆಗೆ ಕಾಯಿರಿ ಎಂದು ಅಪ್ಪನ ಮುಂದೆ ಹೇಳಿದ ಹುಡುಗಿಯ ಸಾಧನೆ ಯಾವ ಪದಕಕ್ಕೂ ಕಡಿಮೆಯಲ್ಲ. ಪದವಿ ಅವಳಿಗೆ ಆ ಮಾತು ಕೊಟ್ಟಿದ್ದರೆ ವಿಶ್ವವಿದ್ಯಾಲಯ ತಲೆಯೆತ್ತಿ ಹೇಳಿಕೊಳ್ಳಬಹುದು.

ಡಾ. ಎಚ್. ನರಸಿಂಹಯ್ಯನವರ ಬದುಕು ಈ ವಾದಕ್ಕೆ ಬೇಕಾದ ಇನ್ನೊಂದು ಎಳೆ ಕೊಡುತ್ತದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ, ಓದಲೆಂದು ಬೆಂಗಳೂರಿಗೆ ನಡೆದೇ ಬಂದವರು. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಹಿಂತಿರುಗಿ ನ್ಯಾಷನಲ್ ಕಾಲೇಜಿನಲ್ಲಿ ಪಾಠ ಮಾಡಿದರು. 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, ಪದ್ಮಭೂಷಣ ಬಂತು, ಆದರೂ ಕೊನೆಯವರೆಗೆ ಬಸವನಗುಡಿಯ ಹಾಸ್ಟೆಲಿನ ಕೋಣೆಯಲ್ಲೇ ಇದ್ದರು. ಗೌರಿಬಿದನೂರಿನ ಕಡೆ ಶಾಲೆ ಕಾಲೇಜುಗಳನ್ನು ತೆರೆಸಿದರು; ತಾವು ಓದಿಗಾಗಿ ಬಿಟ್ಟುಬಂದ ಜಾಗದಲ್ಲೇ ಓದು ಸಿಗುವಂತೆ ಮಾಡಿದರು. ಅವರನ್ನು ನೆನೆದಾಗಲೆಲ್ಲ ನನಗೆ ಗೌರವದ ಜೊತೆ ಒಂದು ಅಳುಕೂ ಆಗುತ್ತದೆ. ಇಂಥವರನ್ನು ಮಾದರಿಯಾಗಿಟ್ಟು ನಾವು ಮೊದಲ ತಲೆಮಾರಿನ ಪದವೀಧರರ ಹೆಗಲ ಮೇಲೆ ಊರಿನ ಋಣವನ್ನೂ ಹೇರುತ್ತೇವೆ. ಮನೆಯ ಸಾಲ ತೀರಿಸು, ತಮ್ಮನನ್ನು ಓದಿಸು, ಆಮೇಲೆ ಸಮಾಜಕ್ಕೂ ಏನಾದರೂ ಮಾಡು. ಅಜ್ಜನ ಕಾಲದಿಂದ ಪದವಿ ಇರುವ ಮನೆಯ ಮಗ ಹೊರದೇಶದಲ್ಲಿ ನೆಲೆಸಿದರೆ ಅದನ್ನು ಸಾಧನೆ ಎನ್ನುತ್ತೇವೆ. ದಲಿತ ಕೇರಿಯ ಹುಡುಗಿ ನಗರದಲ್ಲಿ ನೆಲೆಸಿದರೆ ‘ಊರು ಮರೆತಳು’ ಎನ್ನುತ್ತೇವೆ. ಋಣದ ಮಾತು ಆಡುವುದಾದರೆ ಹೆಚ್ಚು ಪಡೆದವರಿಂದಲೇ ಶುರುವಾಗಬೇಕು.

ಬೇಡವೆನ್ನುವ ಶಕ್ತಿಯನ್ನು ಅಳೆಯುವುದು ಹೇಗೆ ಎಂದು ಆಡಳಿತದವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಪೂರ್ತಿ ಅಳೆಯಲಾಗದು, ಆದರೆ ಈಗಿರುವುದಕ್ಕಿಂತ ಬಹಳ ಚೆನ್ನಾಗಿ ಅಳೆಯಬಹುದು. ಕಾಲೇಜು ಸೇರುವಾಗ ವಿದ್ಯಾರ್ಥಿ ತುಂಬುವ ಅರ್ಜಿಯಲ್ಲಿ ತಂದೆತಾಯಿಯ ಓದು, ಕಸುಬು, ಆದಾಯ ಇರುತ್ತದೆ. ಸ್ಕಾಲರ್‌ಶಿಪ್ಪಿಗೆಂದು ಆದಾಯ ಪ್ರಮಾಣಪತ್ರ ಲಗತ್ತಾಗಿರುತ್ತದೆ. ಮುಗಿಸಿ ಹೋದವರ ಸಂಬಳ ಪ್ಲೇಸ್‌ಮೆಂಟ್ ಸೆಲ್ಲಿನ ಕಡತದಲ್ಲಿರುತ್ತದೆ. ಇವೆರಡನ್ನೂ ಒಂದೇ ಮೇಜಿನ ಮೇಲಿಟ್ಟು ನೋಡಲಿ. ಹತ್ತು ವರ್ಷದ ಮೇಲೆ ಅವರಿಗೊಂದು ಫೋನ್ ಮಾಡಿ ಕೇಳಲಿ: ಈಗಿನ ಕೆಲಸ ನೀವು ಆರಿಸಿಕೊಂಡದ್ದೇ? ಬಿಡಬೇಕೆನಿಸಿದರೆ ಬಿಡಬಲ್ಲಿರಾ? ನಿಮ್ಮ ಮನೆಯಲ್ಲಿ ನಿಮ್ಮ ಬಳಿಕ ಯಾರು ಓದಿದರು?

ಈ ಪ್ರಶ್ನೆಗಳು ಯಾಕೆ ತುರ್ತಿನವು ಎಂಬುದು 2025ರಲ್ಲಿ ಎಲ್ಲರಿಗೂ ಕಾಣುವಂತಾಯಿತು. ಕೊಪ್ಪಳ, ಹಾವೇರಿ, ಚಾಮರಾಜನಗರದಂಥ ಕಡೆಗಳಲ್ಲಿ ಆಗಷ್ಟೇ ಶುರುವಾಗಿದ್ದ ಹೊಸ ವಿಶ್ವವಿದ್ಯಾಲಯಗಳು ಉಳಿಯಬೇಕೇ, ಮುಚ್ಚಬೇಕೇ ಎಂಬ ಚರ್ಚೆ ಎದ್ದಿತು. ಹಣವಿಲ್ಲ, ಕಟ್ಟಡವಿಲ್ಲ, ಬೋಧಕರಿಲ್ಲ ಎಂಬ ಲೆಕ್ಕಗಳು ಮುಂದೆ ಬಂದವು, ಅವುಗಳಲ್ಲಿ ನಿಜವೂ ಇತ್ತು. ಆ ವಿಶ್ವವಿದ್ಯಾಲಯಗಳ ಬಳಿ ತೋರಿಸಲು ಕುವೆಂಪು ಇರಲಿಲ್ಲ, ನಾರಾಯಣಮೂರ್ತಿ ಇರಲಿಲ್ಲ. ಮನೆಯಿಂದ ಬಸ್ಸಿನಲ್ಲಿ ಬಂದು ಹೋಗುವಷ್ಟು ಹತ್ತಿರವಿದೆ ಎಂಬ ಒಂದೇ ಕಾರಣಕ್ಕೆ ಎಂ.ಎ. ಸೇರಲು ಅಪ್ಪನ ಒಪ್ಪಿಗೆ ಸಿಕ್ಕ ಹೆಣ್ಣುಮಕ್ಕಳಿದ್ದರು. ಹೊರಟ ಜಾಗ ಮತ್ತು ತಲುಪಿದ ಜಾಗ ಎರಡನ್ನೂ ಬರೆದಿಟ್ಟ ದಾಖಲೆಯೊಂದು ಆ ವಿಶ್ವವಿದ್ಯಾಲಯಗಳ ಕೈಯಲ್ಲಿದ್ದಿದ್ದರೆ ಆ ಚರ್ಚೆ ಬೇರೆ ರೀತಿ ನಡೆಯುತ್ತಿತ್ತು ಎಂದು ನಾನು ಬಲವಾಗಿ ನಂಬುತ್ತೇನೆ.