ಯೆಪ್ತಾಹನ ಮಗಳು

ಗೆದ್ದು ಮರಳಿದರೆ, ಮನೆಬಾಗಿಲಿಂದ ಮೊದಲು ಎದುರು ಬಂದವರನ್ನು ಸರ್ವಾಂಗಹೋಮವಾಗಿ ಒಪ್ಪಿಸುತ್ತೇನೆಂದು ಇಸ್ರಾಯೇಲಿನ ದಳಪತಿ ಯೆಪ್ತಾಹ ದೇವರಿಗೆ ಹರಕೆ ಹೊತ್ತ. ಅಮ್ಮೋನಿಯರು ಸೋತರು. ದಮ್ಮಡಿ ಬಡಿಯುತ್ತ, ಕುಣಿಯುತ್ತ ಎದುರು ಬಂದವಳು ಅವನ ಒಬ್ಬಳೇ ಮಗಳು. ಬೈಬಲಿನ ‘ನ್ಯಾಯಸ್ಥಾಪಕರು’ ಗ್ರಂಥ ಅವಳ ಹೆಸರನ್ನೂ ಹೇಳುವುದಿಲ್ಲ.

ರೋಮ್‌ನ ಸಂಗೀತ ಸಂಯೋಜಕ ಜಾಕೊಮೊ ಕಾರಿಸ್ಸಿಮಿ 17ನೆಯ ಶತಮಾನದ ನಡುಭಾಗದಲ್ಲಿ ಈ ಕಥೆಯನ್ನು ‘ಯೆಫ್ತೆ’ ಎಂಬ ಲ್ಯಾಟಿನ್ ಒರಟೋರಿಯೊ ಆಗಿಸಿದ. ವೇಷವಿಲ್ಲ, ರಂಗಸಜ್ಜಿಕೆಯಿಲ್ಲ, ಹಾಡುವ ಕಂಠಗಳು, ಅವಕ್ಕೆ ಆಧಾರವಾಗಿ ಆರ್ಗನ್. ಅರ್ಧ ಗಂಟೆಯೂ ಹಿಡಿಯದು. ಮಗಳ ಹರ್ಷ ಮುಗಿದು ತಂದೆಯ ಸಂಕಟಕ್ಕೆ ಸಂಗೀತ ಹೊರಳುವ ಬಗೆಯನ್ನು ಆ ಕಾಲದ ವಿದ್ವಾಂಸ ಅಥನಾಸಿಯುಸ್ ಕಿರ್ಖರ್ 1650ರಲ್ಲೇ ಮೆಚ್ಚಿ ಬರೆದಿದ್ದಾನೆ. ನನ್ನನ್ನು ಹೆಚ್ಚು ಕಾಡುವುದು ಆಮೇಲಿನದು.

ಮಗಳು ವಾದಿಸುವುದಿಲ್ಲ. ಎರಡು ತಿಂಗಳ ಗಡುವು ಕೇಳಿ, ತನ್ನ ಕನ್ನೆತನಕ್ಕಾಗಿ ಅಳಲು ಗೆಳತಿಯರೊಡನೆ ಬೆಟ್ಟಕ್ಕೆ ಹೋಗುತ್ತಾಳೆ. ಗುಡ್ಡ ಕಣಿವೆಗಳನ್ನು ತನ್ನ ಜೊತೆ ಅಳಿರೆಂದು ಕರೆಯುತ್ತಾಳೆ. ಅವಳ ಸಾಲು ಮುಗಿಯುವಲ್ಲಿ ಬೇರೆರಡು ಹೆಣ್ಣುದನಿಗಳು ಅದರ ತುದಿಯನ್ನು ಹಿಡಿದು ಮತ್ತೆ ಹಾಡುತ್ತವೆ: ಬೆಟ್ಟದ ಮಾರ್ದನಿ. ಆಡಿದ ಮಾತನ್ನು ಹಿಂತೆಗೆಯಲಾರೆನೆಂಬ ತಂದೆಯ ನಿಷ್ಠೆಯೇ ಅವಳನ್ನು ಇಲ್ಲಿಗೆ ತಂದದ್ದು. ಅವಳ ಮಾತೋ, ಪ್ರತಿಸಲವೂ ಅವಳಿಗೇ ಮರಳುತ್ತದೆ, ಬೇರೆ ಯಾರ ಮಾತನ್ನೂ ಜೊತೆಗೆ ತಾರದೆ.

ನೂರು ವರ್ಷ ಕಳೆದ ಮೇಲೆ ಇನ್ನೊಬ್ಬ ಸಂಯೋಜಕ ಹ್ಯಾಂಡೆಲ್ ಇದೇ ಕಥೆಗೆ ಬಂದ. 1751ರ ಫೆಬ್ರವರಿಯಲ್ಲಿ ‘ಜೆಫ್ತಾ’ ಬರೆಯುತ್ತಿದ್ದಾಗ ಎಡಗಣ್ಣು ಮಂಕಾಗಿ ಕೆಲಸವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಸಾಹಿತ್ಯ ಬರೆದ ಥಾಮಸ್ ಮೊರೆಲ್ ಹುಡುಗಿಗೆ ಇಫಿಸ್ ಎಂದು ಹೆಸರು ಕೊಟ್ಟ. ಕೊನೆಗೆ ದೇವದೂತನನ್ನು ಕಳಿಸಿ ಉಳಿಸಿದ. ಆ ಕರುಳು ನನಗೆ ಅರ್ಥವಾಗುತ್ತದೆ. ಆದರೂ ನನ್ನ ಮನಸ್ಸು ಕಾರಿಸ್ಸಿಮಿಯ ಕಡೆಗೇ. ಅವನು ದೂತನನ್ನು ಕರೆಯಲಿಲ್ಲ, ಬಲಿಯನ್ನೂ ತೋರಿಸಲಿಲ್ಲ. ಬೈಬಲಿನ ಕಥೆಯಲ್ಲಿ ದೇವರು ಈ ಹರಕೆಯನ್ನು ಕೇಳಿದ್ದೇ ಇಲ್ಲ. ಕೇಳದವನ ಪರವಾಗಿ ಉತ್ತರ ಕೊಡುವುದು ಕಾರಿಸ್ಸಿಮಿಗೆ ಬೇಡವೆನಿಸಿರಬೇಕು.

ಕೊನೆಯಲ್ಲಿ ಆರು ದನಿಗಳ ಮೇಳಗಾನ ಇಸ್ರಾಯೇಲಿನ ಮಕ್ಕಳನ್ನೆಲ್ಲ ಅಳಲು ಕರೆಯುತ್ತದೆ. ಹ್ಯಾಂಡೆಲ್ ಇದನ್ನು ತನ್ನ ‘ಸ್ಯಾಮ್ಸನ್’ ಒರಟೋರಿಯೊಗೆ ಎರವಲು ಪಡೆದ. ಒಂದರ ಮೇಲೊಂದು ದನಿ ಉಜ್ಜಿ, ನೊಂದು, ನಿಧಾನಕ್ಕೆ ಇಳಿಯುವ ಆ ಹಾಡನ್ನು ಕೇಳುವಾಗಲೆಲ್ಲ ನನಗೆ ನೆನಪಾಗುವುದು, ಸ್ವಲ್ಪ ಮೊದಲು ಯುದ್ಧದ ಗೆಲುವನ್ನು ಹಾಡಿದವರೂ ಇವರೇ ಎಂಬುದು. ಆ ಗೆಲುವಿನ ಬೆಲೆ ತೆತ್ತವಳು ಯಾರೆಂದು ಈಗ ಅವರಿಗೆ ಗೊತ್ತು.